ಮೊಂತಾಯೂ: ಒಂದು ಹಳ್ಳಿಯ ಮಾತು

ಫ್ರಾನ್ಸ್ ದೇಶದ ಚರಿತ್ರೆಯೆಂದರೆ ನಮ್ಮಲ್ಲಿ ವಿದ್ಯಾವಂತರಾದವರಿಗೆ ಕೂಡಲೆ ನೆನಪಿಗೆ ಬರತಕ್ಕುದು ಪ್ಯಾರಿಸ್ ನಗರ, ಹದಿನಾಲ್ಕನೆಯ ಲೂಯಿಯ ಆಸ್ಥಾನ, 1789ರ ಮಹಾಕ್ರಾಂತಿ, ನೆಪೋಲಿಯನ್ನನ ದಂಡಯಾತ್ರೆಗಳು. ಕಾಲೇಜುಗಳಲ್ಲಿ ನಾವು ಓದಿದ್ದೂ ಇದನ್ನೇ. ಈಗ ಓದಿಸುತ್ತಿರುವುದೂ ಬಹುಮಟ್ಟಿಗೆ ಇದನ್ನೇ. ಆದರೆ ಆ ದೇಶದ ಜನರಲ್ಲಿ ಬಹುಸಂಖ್ಯೆಯವರು ಶತಮಾನಗಳ ಕಾಲ ಪ್ಯಾರಿಸ್ಸನ್ನು ಕಣ್ಣಿನಿಂದ ಕಂಡವರಲ್ಲ. ಅವರು ಹಳ್ಳಿಗಳಲ್ಲಿ ಹುಟ್ಟಿ, ಹೊಲ ಉತ್ತು, ಕುರಿ ಕಾಯ್ದು, ಮಕ್ಕಳನ್ನು ಸಾಕಿ, ಹಳ್ಳಿಗಳಲ್ಲಿಯೇ ಮಣ್ಣಾದವರು. ಅವರಲ್ಲಿ ಓದುಬರೆಹ ಬಲ್ಲವರು ತೀರ ಕಡಮೆ. ಅವರ ವಿಚಾರವಾಗಿ ಬರೆದವರೂ ಇಲ್ಲ. ಕಂದಾಯದ ಲೆಕ್ಕದಲ್ಲಿ ಒಂದು ಹೆಸರು, ಕ್ರಯಪತ್ರದಲ್ಲಿ ಒಂದು ಗುರುತು: ಇಷ್ಟು ಉಳಿದಿದ್ದರೆ ಅದೇ ಭಾಗ್ಯ. ಅವರು ಮನೆಯಲ್ಲಿ ಏನು ಮಾತನಾಡಿಕೊಂಡರು, ಯಾರನ್ನು ಪ್ರೀತಿಸಿದರು, ಸಾವಿನ ವಿಷಯದಲ್ಲಿ ಏನು ನಂಬಿದ್ದರು ಎಂಬುದು ನಮಗೆ ತಿಳಿಯುವ ಮಾರ್ಗವೇ ಇಲ್ಲ.

ಈ ಸಾಮಾನ್ಯ ನಿಯಮಕ್ಕೆ ಅಪವಾದವಾಗಿ ಒಂದು ಹಳ್ಳಿಯುಂಟು. ಸುಮಾರು 700 ವರ್ಷಗಳ ಹಿಂದೆ ಅಲ್ಲಿದ್ದ ಕುರುಬರು, ರೈತರು, ವಿಧವೆಯರು, ಆಳುಮಕ್ಕಳು ಆಡಿದ ಮಾತುಗಳು ಪುಟಪುಟಗಳಾಗಿ ಉಳಿದುಬಂದಿವೆ. ಅದರ ಹೆಸರು ಮೊಂತಾಯೂ. ಈ ಹೊತ್ತು ಆ ಹಳ್ಳಿಯ ಚರಿತ್ರೆಯನ್ನೂ, ಆ ಮಾತುಗಳು ಉಳಿದುಬಂದ ವಿಚಿತ್ರವಾದ ಬಗೆಯನ್ನೂ ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇವೆ.

ಮೊಂತಾಯೂ ಇರುವುದು ಫ್ರಾನ್ಸಿನ ದಕ್ಷಿಣದ ತುದಿಯಲ್ಲಿ, ಸ್ಪೇನ್ ದೇಶವನ್ನು ಫ್ರಾನ್ಸಿನಿಂದ ಬೇರೆಮಾಡುವ ಪಿರನೀಸ್ ಪರ್ವತಗಳ ಮಡಿಲಲ್ಲಿ. ಈಗ ಆ ಸೀಮೆಗೆ ಆರಿಯೇಜ್ ಜಿಲ್ಲೆಯೆಂದು ಹೆಸರು. ಹಿಂದೆ ಅದು ಫ್ವಾ ಎಂಬ ಕೌಂಟಿಗೆ, ಎಂದರೆ ಫ್ವಾ ಕೌಂಟರ ಆಳಿಕೆಗೆ, ಸೇರಿತ್ತು. ಸಮುದ್ರಮಟ್ಟಕ್ಕೆ ಸುಮಾರು 1,300 ಮೀಟರ್ ಎತ್ತರದ ಬಯಲಿನಲ್ಲಿ ಹಳ್ಳಿ. ಅದರ ಮೇಲೆ ಒಂದು ದಿಣ್ಣೆ. ದಿಣ್ಣೆಯ ನೆತ್ತಿಯಲ್ಲಿ ಕೋಟೆ. 1300ರ ಸುಮಾರಿನಲ್ಲಿ ಅಲ್ಲಿ 200ರಿಂದ 250 ಜನ ಇದ್ದರೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಚಳಿಗಾಲದಲ್ಲಿ ಹಿಮ ದಾರಿಗಳನ್ನು ಮುಚ್ಚುತ್ತಿತ್ತು. ನೆಲದಲ್ಲಿ ಬೆಳೆಯುತ್ತಿದ್ದುದು ಗೋಧಿ, ಓಟ್ಸ್, ಟರ್ನಿಪ್ ಗೆಡ್ಡೆ, ನೂಲಿಗಾಗಿ ಸೆಣಬು ಮತ್ತು ಅಗಸೆ. ಊರಿನಲ್ಲಿ ಹಿಟ್ಟಿನ ಗಿರಣಿಯಿರಲಿಲ್ಲ. ಗೋಧಿಯನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಕೆಳಗಣ ಆಕ್ಸ್ ಎಂಬ ಪಟ್ಟಣಕ್ಕೆ ಹೋಗಿ ಬೀಸಿಸಿಕೊಂಡು ಬರಬೇಕಾಗಿತ್ತು. ಹೆಂಗಸರು ಕೊಡವನ್ನು ತಲೆಯ ಮೇಲೆ ಇಟ್ಟುಕೊಂಡು ನೀರು ತರುತ್ತಿದ್ದರು. ಊಟವೆಂದರೆ ರೊಟ್ಟಿ, ಕೋಸು ಈರುಳ್ಳಿಗಳ ಸಾರು, ಕುರಿಯ ಹಾಲಿನ ಚೀಸ್. ಅನುಕೂಲವಿದ್ದಾಗ ಉಪ್ಪು ಹಚ್ಚಿದ ಹಂದಿಯ ಮಾಂಸ. ಜನ ಆಡುತ್ತಿದ್ದ ಮಾತು ಈಗಿನ ಫ್ರೆಂಚ್ ಅಲ್ಲ. ದಕ್ಷಿಣ ಸೀಮೆಯ ಆಕ್ಸಿತಾನ್ ಎಂಬ ಭಾಷೆ.

ಈ ಹಳ್ಳಿಯ ಜೀವನಕ್ಕೆಲ್ಲ ಮೂಲಸ್ತಂಭ ಯಾವುದೆಂದರೆ ಮನೆ. ಅವರ ಭಾಷೆಯಲ್ಲಿ ಅದಕ್ಕೆ ‘ಒಸ್ತಾಲ್’ ಎಂದು ಹೆಸರು. ಕಟ್ಟಡವೂ ಒಸ್ತಾಲ್, ಅದರಲ್ಲಿರುವ ಕುಟುಂಬವೂ ಒಸ್ತಾಲ್. ಕನ್ನಡದಲ್ಲಿ ಮನೆ, ಮನೆತನ ಎಂಬ ಎರಡು ಮಾತುಗಳಲ್ಲಿ ನಾವು ಹೇಳುವುದನ್ನು ಅವರು ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಮನೆಯ ನಡುವೆ ಒಲೆಯಿರುವ ಕೋಣೆ. ಅದರ ಸುತ್ತ ಬದುಕು. ಮನೆಗೆ ತನ್ನದೇ ಆದ ಒಂದು ಅದೃಷ್ಟವುಂಟೆಂದು ಅವರ ನಂಬಿಕೆ. ಆ ಊರಿನ ಶ್ರೀಮಂತ ಮನೆತನವಾದ ಕ್ಲೆರ್ಗ್ ಮನೆಯ ಯಜಮಾನ ಸತ್ತಾಗ, ಮನೆಯ ಅದೃಷ್ಟ ಅವನೊಡನೆ ಹೊರಟುಹೋಗದಿರಲೆಂದು ಅವನ ಕೂದಲನ್ನೂ ಉಗುರಿನ ತುಂಡುಗಳನ್ನೂ ಕತ್ತರಿಸಿ ಮನೆಯಲ್ಲಿಯೇ ಕಾಪಾಡಿದರು. ಅಂಥ ಊರಿನಲ್ಲಿ ಒಬ್ಬ ಮನುಷ್ಯನ ಮತ ಯಾವುದೆಂದು ಕೇಳುವುದಕ್ಕಿಂತ ಆ ಮನೆಯ ಮತ ಯಾವುದೆಂದು ಕೇಳುವುದೇ ಹೆಚ್ಚು ಸಮಂಜಸ. ಮುಂದೆ ಬಂದ ವಿಪತ್ತಿಗೂ ಈ ಮನೆಗಳೇ ಮೂಲವಾದುವು.

ವಿಪತ್ತಿನ ಕಾರಣವನ್ನು ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಹನ್ನೆರಡನೆಯ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಕ್ಯಾಥಾರ್ ಎಂಬ ಪಂಥ ಬಲವಾಗಿ ಹರಡಿತು. ಅದರ ಅನುಯಾಯಿಗಳು ತಮ್ಮನ್ನು ಕ್ರೈಸ್ತರೆಂದೇ ಹೇಳಿಕೊಂಡರು. ಆದರೆ ಕಣ್ಣಿಗೆ ಕಾಣುವ ಈ ಜಗತ್ತು ಒಳ್ಳೆಯ ದೇವರ ಸೃಷ್ಟಿಯಲ್ಲ, ಕೆಡುಕಿನ ಶಕ್ತಿಯ ಸೃಷ್ಟಿ. ಆತ್ಮವು ಈ ದೇಹಗಳ ಸೆರೆಯಲ್ಲಿ ಸಿಕ್ಕಿ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಿದೆ ಎಂಬುದು ಅವರ ಸಿದ್ಧಾಂತ. ಅವರ ಗುರುಗಳಿಗೆ ‘ಸಜ್ಜನರು’ ಎಂದು ಹೆಸರು. ಈ ಸಜ್ಜನರು ಮಾಂಸ, ಮೊಟ್ಟೆ, ಹಾಲು, ಚೀಸ್‌ಗಳನ್ನು ಮುಟ್ಟರು, ಮದುವೆಯಾಗರು, ಸುಳ್ಳಾಡರು. ಸಾಮಾನ್ಯ ಭಕ್ತರಿಗೆ ಇಷ್ಟು ಕಠಿಣವಾದ ವ್ರತವಿರಲಿಲ್ಲ. ಅವರು ಲೋಕದಂತೆ ಬಾಳಿ, ಮರಣಕಾಲದಲ್ಲಿ ಒಬ್ಬ ಸಜ್ಜನನ ಕೈಯಿಂದ ದೀಕ್ಷೆ ಪಡೆದರೆ ಮುಕ್ತಿಯೆಂದು ನಂಬಿದ್ದರು.

ರೋಮಿನ ಚರ್ಚು ಇದನ್ನು ಪಾಷಂಡ ಮತವೆಂದು ಸಾರಿತು. ಪೋಪ್ ಮೂರನೆಯ ಇನ್ನೊಸೆಂಟನ ಕರೆಯಂತೆ 1209ರಲ್ಲಿ ಉತ್ತರದ ಸೈನ್ಯಗಳು ದಕ್ಷಿಣದ ಮೇಲೆ ಬಿದ್ದುವು. ಬೆಜಿಯೇ ನಗರದಲ್ಲಿ ನಡೆದ ಕೊಲೆ ಆ ಯುದ್ಧದ ಮೊದಲನೆಯ ಅಧ್ಯಾಯ. 1229ರಲ್ಲಿ ಯುದ್ಧ ಮುಗಿಯಿತು. ಅದರ ಫಲವಾಗಿ ಫ್ರಾನ್ಸಿನ ದೊರೆಗಳ ಅಧಿಕಾರ ಆ ಸೀಮೆಯಲ್ಲಿ ಬೇರೂರಿತು. ತರುವಾಯ ಕತ್ತಿಯ ಕೆಲಸವನ್ನು ಧರ್ಮವಿಚಾರಣೆಯ ಅಧಿಕಾರಿಗಳು ಕಾಗದ ಲೇಖನಿಗಳಿಂದ ಮುಂದುವರಿಸಿದರು. 1244ರಲ್ಲಿ ಮೊಂಸೆಗ್ಯೂರ್ ಎಂಬ ಗಿರಿದುರ್ಗ ಬಿದ್ದಾಗ 200ಕ್ಕೂ ಹೆಚ್ಚು ಕ್ಯಾಥಾರರು ಬೆಂಕಿಗೆ ಆಹುತಿಯಾದರು. ಅಲ್ಲಿಗೆ ಪಂಥ ಮುಗಿಯಿತೆಂದೇ ಲೋಕ ತಿಳಿಯಿತು.

ಆದರೆ ಬೆಟ್ಟದ ಮನೆಗಳು ಅಷ್ಟು ಬೇಗ ಮರೆಯತಕ್ಕವಲ್ಲ. ಆಕ್ಸ್ ಪಟ್ಟಣದಲ್ಲಿ ಪಿಯೆರ್ ಓತಿಯೇ ಎಂಬ ನೋಟರಿಯಿದ್ದನು, ಓದಿದವನು, ಅನುಕೂಲಸ್ಥನು. ನಡುವಯಸ್ಸು ದಾಟಿದ ಮೇಲೆ ಅವನು ಆಸ್ತಿಪಾಸ್ತಿಯನ್ನು ಬಿಟ್ಟು ತಮ್ಮನೊಡನೆ ಇಟಲಿಗೆ ಹೋಗಿ, ಸಜ್ಜನರ ದೀಕ್ಷೆಯನ್ನು ಪಡೆದು, 1300ರ ಸುಮಾರಿಗೆ ಗುಟ್ಟಾಗಿ ಮರಳಿದನು. ಓತಿಯೇ ಮನೆತನಕ್ಕೂ ಮೊಂತಾಯೂವಿನ ಒಂದು ಮನೆತನಕ್ಕೂ ಬಾಂಧವ್ಯವಿತ್ತು. ಮನೆಯಿಂದ ಮನೆಗೆ, ಒಲೆಯಿಂದ ಒಲೆಗೆ ಹಳೆಯ ಮತ ಮತ್ತೆ ಹಬ್ಬಿತು. ಚರ್ಚಿನ ಮೇಲೆ ಜನಕ್ಕೆ ಮೊದಲೇ ಅಸಮಾಧಾನವಿದ್ದಿತು. ಬಿಷಪ್ಪನ ಕಡೆಯವರು ಕುರಿಮರಿಗಳ ಮೇಲೆಯೂ ದಶಾಂಶ ಕೇಳುತ್ತಿದ್ದರು. ಕುರಿಯೇ ಜೀವಾಳವಾದ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಮೊಂತಾಯೂವಿನಲ್ಲಿ ಆಗ ಅಧಿಕಾರವೆಲ್ಲ ಕ್ಲೆರ್ಗ್ ಮನೆಯ ಇಬ್ಬರು ಅಣ್ಣತಮ್ಮಂದಿರ ಕೈಯಲ್ಲಿತ್ತು. ಪಿಯೆರ್ ಕ್ಲೆರ್ಗ್ ಊರಿನ ಪಾದ್ರಿ. ಬೆರ್ನಾರ್ ಕ್ಲೆರ್ಗ್ ಕೌಂಟನ ಪರವಾಗಿ ಕಂದಾಯ ವಸೂಲು ಮಾಡಿ ಸಣ್ಣಪುಟ್ಟ ನ್ಯಾಯ ತೀರಿಸುವ ಅಧಿಕಾರಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಊರ ಪಟೇಲ. ಪಾದ್ರಿಯಾದವನು ಒಳಗೊಳಗೆ ಕ್ಯಾಥಾರರ ಬೆಂಬಲಿಗ. ಅದೇ ಕಾಲದಲ್ಲಿ ಅವನು ಕಾರ್ಕಾಸೊನ್ ನಗರದ ವಿಚಾರಣಾಧಿಕಾರಿಗಳಿಗೂ ಬೇಕಾದವನು. ಹೆಂಗಸರ ವಿಷಯದಲ್ಲಂತೂ ಅವನ ನಡತೆ ಊರಿಗೆಲ್ಲ ತಿಳಿದ ಸಂಗತಿ. ಇಂಥವನು ಊರನ್ನು ಕಾಪಾಡಲೂ ಬಲ್ಲ, ಮಾರಲೂ ಬಲ್ಲ. ಅವನು ಎರಡನ್ನೂ ಮಾಡಿದನು.

1308ರಲ್ಲಿ ಕಾರ್ಕಾಸೊನ್ನಿನ ವಿಚಾರಣಾಧಿಕಾರಿ ಜೋಫ್ರುವಾ ದಾಬ್ಲಿ ಎಂಬವನ ಆಜ್ಞೆಯಂತೆ ಸಿಪಾಯಿಗಳು ಮೊಂತಾಯೂವನ್ನು ಸುತ್ತುಗಟ್ಟಿದರು. ಎಳೆಯ ಮಕ್ಕಳ ಹೊರತು ಊರಿಗೆ ಊರೇ ಸೆರೆಯಾಯಿತು. ಜನರನ್ನು ಕೋಟೆಯಲ್ಲಿ ಕೂಡಿ, ಕೆಲವರನ್ನು ಕಾರ್ಕಾಸೊನ್ನಿನ ಬಂದಿಖಾನೆಗೆ ಒಯ್ದರು. ಕೆಲವರು ಬೆಟ್ಟ ದಾಟಿ ಕಟಲೋನಿಯಾ ಸೀಮೆಗೆ ಓಡಿಹೋದರು. ಹಿಂದಿರುಗಿದವರಲ್ಲಿ ಅನೇಕರ ಬಟ್ಟೆಗಳ ಮೇಲೆ ಹಳದಿ ಬಟ್ಟೆಯ ಶಿಲುಬೆಗಳನ್ನು ಹೊಲಿಸಿದ್ದರು. ಪಾಷಂಡಿಗಳೆಂದು ಕಂಡಕಂಡವರಿಗೆಲ್ಲ ತಿಳಿಯಲೆಂದು ಏರ್ಪಡಿಸಿದ ಗುರುತು ಅದು. ಕ್ಲೆರ್ಗ್ ಸೋದರರು ಈ ಸಮಯದಲ್ಲಿ ತಮಗೆ ಬೇಕಾದವರನ್ನು ಉಳಿಸಿ ಬೇಡವಾದವರನ್ನು ಹಿಡಿದುಕೊಟ್ಟರು. ಅವರ ವಿರುದ್ಧವಾಗಿ ಬಾಯಿಬಿಟ್ಟ ಒಬ್ಬ ಹೆಂಗಸಿನ ನಾಲಗೆಯನ್ನೇ ಕೊಯ್ಯಲಾಯಿತೆಂದು ಸಾಕ್ಷ್ಯಗಳಿಂದ ತಿಳಿಯಬರುತ್ತದೆ. ಓತಿಯೇಯೂ ಸೆರೆಸಿಕ್ಕಿ 1310ರಲ್ಲಿ ತುಲೂಸ್ ನಗರದಲ್ಲಿ ಚಿತೆಯೇರಿದನು.

ಇಲ್ಲಿಗೆ ಕಥೆ ಮುಗಿದಿದ್ದರೆ ಮೊಂತಾಯೂವಿನ ಹೆಸರು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ಹಾಳಾದ ಹಳ್ಳಿಗಳು ಆ ಕಾಲದಲ್ಲಿ ಎಷ್ಟೋ. ಅದನ್ನು ನಮ್ಮವರೆಗೆ ತಲಪಿಸಿದವನು ಜಾಕ್ ಫೂರ್ನಿಯೆ ಎಂಬ ಸಂನ್ಯಾಸಿ. ಇವನು ಹುಟ್ಟಿದ್ದು ಅದೇ ಫ್ವಾ ಸೀಮೆಯ ಸಾವೆರ್ದೂನ್ ಎಂಬಲ್ಲಿ, ಸಾಮಾನ್ಯವಾದ ಮನೆಯಲ್ಲಿ. ಸಿಸ್ಟರ್ಸಿಯನ್ ಮಠವನ್ನು ಸೇರಿ, ಪ್ಯಾರಿಸ್ಸಿನಲ್ಲಿ ಶಾಸ್ತ್ರ ಓದಿ, 1317ರಲ್ಲಿ ಪಾಮಿಯೆ ಎಂಬ ಊರಿನ ಬಿಷಪ್ಪನಾದನು. ಮೊಂತಾಯೂ ಅವನ ಅಧಿಕಾರದೊಳಗಿನ ಹಳ್ಳಿ. 1318ರಿಂದ 1325ರವರೆಗೆ ಅವನು ತನ್ನದೇ ಆದ ವಿಚಾರಣಾಸಭೆಯನ್ನು ನಡೆಸಿದನು. ವಿದ್ವಾಂಸರು ಲೆಕ್ಕ ಹಾಕಿರುವಂತೆ ಸಭೆ ಕುಳಿತ ದಿನಗಳು 370; ಮೊಕದ್ದಮೆಗಳು 98; ಪ್ರಶ್ನೋತ್ತರಗಳು ನಡೆದದ್ದು 578 ಸಲ. ಆಪಾದಿತರಲ್ಲಿ 25 ಮಂದಿ ಮೊಂತಾಯೂವಿನವರು.

ಫೂರ್ನಿಯೆಯ ವಿಶೇಷವೇನೆಂದರೆ ಅವನು ಅವಸರಪಡುವವನಲ್ಲ. ಹಿಂಸೆಯ ಯಂತ್ರಗಳನ್ನು ಅವನು ಬಹುಮಟ್ಟಿಗೆ ಬಳಸಲಿಲ್ಲ. ಬಂದಿಖಾನೆಯ ದಿನಗಳೂ ತನ್ನ ತಾಳ್ಮೆಯೂ ಅವನಿಗೆ ಸಾಕಾಗಿದ್ದುವು. ಜನರ ಮಾತು ಅವನ ಹುಟ್ಟುಮಾತು. ಆದುದರಿಂದ ಅವನನ್ನು ವಂಚಿಸುವುದು ಸುಲಭವಾಗಿರಲಿಲ್ಲ. ಯಾರು ಬಂದರು, ಯಾವ ಬಾಗಿಲಿನಿಂದ ಬಂದರು, ಎಲ್ಲಿ ಕುಳಿತರು, ಏನು ತಿಂದರು, ಆಗ ಮನೆಯಲ್ಲಿ ಇನ್ನಾರಿದ್ದರು: ಹೀಗೆ ಒಂದೊಂದನ್ನೂ ಬಿಡಿಸಿ ಕೇಳುತ್ತಿದ್ದನು. ಉತ್ತರಗಳು ಆಕ್ಸಿತಾನ್ ಭಾಷೆಯಲ್ಲಿ. ಲಿಪಿಕಾರರು ಅವನ್ನು ಲ್ಯಾಟಿನ್ನಿನಲ್ಲಿ ಬರೆದರು. ಬರೆದುದನ್ನು ಮತ್ತೆ ಜನರ ಮಾತಿಗೆ ತಿರುಗಿಸಿ ಆಪಾದಿತರಿಗೆ ಓದಿ ಹೇಳಿ, ಬೇಕಾದ ತಿದ್ದುಪಾಟು ಮಾಡಿ, ಕೊನೆಗೆ ಚರ್ಮಪತ್ರದ ಮೇಲೆ ಶುದ್ಧಪ್ರತಿ ತೆಗೆದರು. ಈ ಏಳು ವರ್ಷಗಳಲ್ಲಿ ಫೂರ್ನಿಯೆ ಬೆಂಕಿಗೆ ಒಪ್ಪಿಸಿದವರು ಐವರು. ಅವರಲ್ಲಿ ಒಬ್ಬನು ಮೊಂತಾಯೂವಿನ ಗಿಯೋಮ್ ಫೋರ್. ಉಳಿದ ಅನೇಕರಿಗೆ ಬಂದಿಖಾನೆ ಅಥವಾ ಹಳದಿ ಶಿಲುಬೆ.

ಈ ದಾಖಲೆಯಲ್ಲಿ ಕಾಣಬರುವ ಜನರಲ್ಲಿ ಕೆಲವರನ್ನಾದರೂ ಪರಿಚಯ ಮಾಡಿಕೊಡದಿದ್ದರೆ ನಮ್ಮ ಮಾತು ಬರಿಯ ಲೆಕ್ಕವಾದೀತು.

ಮೊದಲನೆಯವಳು ಬೆಯಾತ್ರಿಸ್ ದ ಪ್ಲಾನಿಸೋಲ್. ಚಿಕ್ಕ ಜಮೀನುದಾರರ ಮನೆಯ ಹೆಣ್ಣು. ಮೊಂತಾಯೂ ಕೋಟೆಯ ಅಧಿಕಾರಿಯ ಕೈಹಿಡಿದು ಊರಿಗೆ ಬಂದವಳು. ಗಂಡ ತೀರಿಕೊಂಡ ಮೇಲೆ ಪಾದ್ರಿ ಕ್ಲೆರ್ಗನ ಸಹವಾಸಕ್ಕೆ ಸಿಕ್ಕಿದಳು. ಆಮೇಲೆ ಬೇರೆ ಕಡೆ ಮದುವೆಯಾಗಿ ಮತ್ತೆ ವಿಧವೆಯಾದಳು. 1320ರಲ್ಲಿ ಫೂರ್ನಿಯೆಯ ಕರೆ ಬಂದಾಗ ಹೆದರಿ ಓಡಿಹೋಗುತ್ತಿದ್ದಾಗ ಸಿಕ್ಕಿಬಿದ್ದಳು. ಅವಳ ಚೀಲವನ್ನು ಬಿಚ್ಚಿ ನೋಡಲು ಅದರಲ್ಲಿ ಕೆಲವು ಒಣಗಿದ ವಸ್ತುಗಳಿದ್ದುವು. ಅಧಿಕಾರಿಗಳು ಮಾಟವೆಂದು ಸಂಶಯಪಟ್ಟರು. ಅವು ತನ್ನ ಮೊಮ್ಮಕ್ಕಳ ಹೊಕ್ಕುಳಬಳ್ಳಿಗಳು, ಹತ್ತಿರವಿದ್ದರೆ ವ್ಯಾಜ್ಯಗಳಲ್ಲಿ ಗೆಲವಾಗುವುದೆಂದು ಕೇಳಿ ಇಟ್ಟುಕೊಂಡಿದ್ದೆ ಎಂದು ಅವಳು ಹೇಳಿದಳು. 1321ರಲ್ಲಿ ಅವಳಿಗೆ ಸೆರೆವಾಸದ ಶಿಕ್ಷೆಯಾಯಿತು. ಮರುವರ್ಷ ಅದನ್ನು ಹಳದಿ ಶಿಲುಬೆಗೆ ಇಳಿಸಿದರು.

ಎರಡನೆಯವನು ಪಿಯೆರ್ ಮೋರಿ ಎಂಬ ಕುರುಬ. ಇವನ ತಂದೆ ಮೊಂತಾಯೂವಿನಲ್ಲಿ ನೇಯ್ಗೆಯವನು. ಮೋರಿ ಹರೆಯದಲ್ಲಿಯೇ ಊರು ಬಿಟ್ಟು, ಬೇಸಗೆಯಲ್ಲಿ ಪಿರನೀಸಿನ ಮೇಲಣ ಹುಲ್ಲುಗಾವಲು, ಚಳಿಗಾಲದಲ್ಲಿ ಕಟಲೋನಿಯಾದ ಬಯಲು, ಹೀಗೆ ಕುರಿಗಳ ಹಿಂದೆ ವರ್ಷವರ್ಷವೂ ಅಲೆದನು. ಅವನಿಗೆ ಮನೆಯಿಲ್ಲ, ಹೆಂಡತಿಯಿಲ್ಲ. ಆದರೆ ಬೆಟ್ಟದ ಎರಡು ಕಡೆಯಲ್ಲಿಯೂ ಸ್ನೇಹಿತರು. ಹಲವು ಮನೆಗಳ ಮಕ್ಕಳಿಗೆ ಅವನು ಧರ್ಮಪಿತ. ಊರಿಗೆ ಹೋದರೆ ಸೆರೆಸಿಕ್ಕುವೆಯೆಂದು ಗೆಳೆಯರು ಎಚ್ಚರಿಸಿದಾಗ, ತನ್ನ ಪಾಲಿಗೆ ಬಂದುದನ್ನು ಬಿಟ್ಟು ಬೇರೆ ಬಾಳುವುದು ತನ್ನಿಂದಾಗದೆಂಬ ಅರ್ಥದ ಮಾತನ್ನು ಅವನು ಆಡಿದನು. ಪಾಷಂಡ ಮತದ ಕಾರಣದಿಂದ ತನ್ನ ತಂದೆಯ ಮನೆ ಮೂರು ಸಲ ಹಾಳಾಯಿತೆಂದು ಅವನೇ ಹೇಳಿಕೊಂಡಿದ್ದಾನೆ. 1324ರಲ್ಲಿ ಅವನಿಗೆ ಬಂದಿಖಾನೆಯಾಯಿತು. ಅದರ ಮುಂದೆ ಅವನ ಸುದ್ದಿಯಿಲ್ಲ.

ಮೋರಿ ಕೆಲಸಕ್ಕಿದ್ದ ಮನೆಗಳಲ್ಲಿ ಒಂದು ಆರ್ಕ್ ಎಂಬ ನೆರೆಯ ಸೀಮೆಯ ಊರಿನಲ್ಲಿತ್ತು. ಆ ಮನೆಯ ಯಜಮಾನಿ ಸಿಬಿಲ್ ಹೇಳಿದ ಸಂಗತಿ ಈ ದಾಖಲೆಯಲ್ಲೆಲ್ಲ ಮನಸ್ಸನ್ನು ಹೆಚ್ಚಾಗಿ ಕಲಕತಕ್ಕುದು. ಅವಳ ಹಸುಮಗಳು ಸಾಯುವ ಸ್ಥಿತಿಗೆ ಬಂದಿತು. ಸಜ್ಜನನೊಬ್ಬ ಮಗುವಿಗೆ ದೀಕ್ಷೆ ಕೊಟ್ಟು, ಇನ್ನು ಇದಕ್ಕೆ ಹಾಲು ಕೊಡಕೂಡದು, ಸತ್ತರೆ ದೇವತೆಯಾಗುವುದು ಎಂದು ವಿಧಿಸಿ ಹೋದನು. ತಂದೆಗೆ ಸಂತೋಷ. ಗಂಡಸರು ಅತ್ತ ಹೋದೊಡನೆ ತಾಯಿಗೆ ತಡೆಯಲಾಗಲಿಲ್ಲ. ಮಗುವನ್ನೆತ್ತಿ ಎದೆಗೆ ಹಾಕಿಕೊಂಡಳು. ಇದು ತಿಳಿದು ಗಂಡ ಅತ್ತನು, ಬೈದನು. ಬಹುಕಾಲ ಹೆಂಡತಿಯ ಮೇಲೂ ಮಗುವಿನ ಮೇಲೂ ಪ್ರೀತಿಯನ್ನೇ ತೊರೆದನು. ಆ ಮನೆಯಲ್ಲಿದ್ದ ಪಿಯೆರ್ ಮೋರಿಯೂ ಅವಳನ್ನು ಕೆಟ್ಟ ತಾಯಿಯೆಂದು ಜರೆದನೆಂದು ಅವಳ ಹೇಳಿಕೆ. ನಾವು ಮೆಚ್ಚಿಕೊಂಡ ಕುರುಬನ ಬಾಯಲ್ಲಿ ಈ ಮಾತು ಬಂದುದು ನಮಗೆ ಹಿಡಿಸುವುದಿಲ್ಲ. ಹಿಂಸೆಗೊಳಗಾದವರೆಲ್ಲ ಎಲ್ಲ ವಿಷಯದಲ್ಲಿಯೂ ಮೃದುಹೃದಯರಾಗಿರಬೇಕೆಂಬ ನಿಯಮವಿಲ್ಲವಷ್ಟೆ.

ಇನ್ನೊಬ್ಬನ ಮಾತನ್ನು ಹೇಳಿ ಈ ಭಾಗವನ್ನು ಮುಗಿಸುತ್ತೇವೆ. ಆಕ್ಸ್ ಪಟ್ಟಣದ ಸಿಬಿಲ್ ಬಾಯ್ ಎಂಬವಳನ್ನು ಪಾಷಂಡಿಯೆಂದು ಸುಟ್ಟು ಅವಳ ಮನೆಯನ್ನು ಮುಟ್ಟುಗೋಲು ಹಾಕಿದ್ದರು. ಅವಳ ಮಗ ಆರ್ನೋ ಸಿಕ್ರ್. ಕಳೆದುಹೋದ ತಾಯಮನೆಯನ್ನು ಮರಳಿ ಪಡೆಯಬೇಕೆಂಬುದೊಂದೇ ಅವನ ಹಂಬಲ. ದೊಡ್ಡ ಪಾಷಂಡಿಯೊಬ್ಬನನ್ನು ಹಿಡಿದುಕೊಟ್ಟರೆ ಅದು ಕೈಗೂಡಬಹುದೆಂದು ಅವನು ಮೆಟ್ಟು ಹೊಲಿಯುವ ಕಸುಬಿನವನಾಗಿ ಕಟಲೋನಿಯಾಕ್ಕೆ ಹೋದನು. ಮೊಂತಾಯೂವಿನಿಂದ ಓಡಿಹೋಗಿ ಅಲ್ಲಿ ನೆಲಸಿದ್ದವರ ಗುಂಪನ್ನು ಸೇರಿ, ಭಕ್ತನಂತೆ ನಟಿಸಿದನು. ಅವರ ಗುರುವಾಗಿದ್ದ ಗಿಯೋಮ್ ಬೆಲಿಬಾಸ್ಟನ ನಂಬಿಕೆಯನ್ನು ಗಳಿಸಿ, ಸುಳ್ಳುನೆಪದಿಂದ ಅವನನ್ನು ಗಡಿಯ ಕಡೆಗೆ ಕರೆತಂದು ಹಿಡಿಸಿಕೊಟ್ಟನು. ಬೆಲಿಬಾಸ್ಟನನ್ನು 1321ರಲ್ಲಿ ವಿಲ್‌ರೂಜ್ ತೆರ್ಮನೆಸ್ ಎಂಬಲ್ಲಿ ಸುಟ್ಟರು. ಆ ನಾಡಿನ ಕ್ಯಾಥಾರ್ ಗುರುಗಳಲ್ಲಿ ನಮಗೆ ತಿಳಿದಿರುವವರ ಪೈಕಿ ಅವನೇ ಕೊನೆಯವನು. ಮನೆಯನ್ನು ಹೊತ್ತು ನಿಂತ ಪ್ರೀತಿಯೇ ಇಲ್ಲಿ ದ್ರೋಹಕ್ಕೂ ಕಾರಣವಾಯಿತು.

ಮಾತನಾಡದೆ ಹೋದವನೊಬ್ಬನಿದ್ದಾನೆ. ಪಾದ್ರಿ ಪಿಯೆರ್ ಕ್ಲೆರ್ಗನು 1320ರಲ್ಲಿ ತಾನೇ ಸೆರೆಸಿಕ್ಕಿ, ಸೆರೆಯಲ್ಲಿಯೇ ಸತ್ತನು. ಉಳಿದುಬಂದ ದಾಖಲೆಯಲ್ಲಿ ಎಲ್ಲರ ಬಾಯಲ್ಲಿಯೂ ಅವನ ಹೆಸರಿದೆ. ಅವನದೇ ಹೇಳಿಕೆ ಇಲ್ಲ.

ಫೂರ್ನಿಯೆಯ ಭಾಗ್ಯ ಮಾತ್ರ ಏರುತ್ತ ಹೋಯಿತು. 1327ರಲ್ಲಿ ಕಾರ್ಡಿನಲ್, 1334ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪ್. ಆಗ ಪೋಪರು ಇರುತ್ತಿದ್ದುದು ಆವಿನ್ಯೋನ್ ನಗರದಲ್ಲಿ. ಅಲ್ಲಿಯ ಪ್ರಸಿದ್ಧವಾದ ಅರಮನೆಯ ಕಟ್ಟಡವನ್ನು ಪ್ರಾರಂಭಿಸಿದವನು ಇವನೇ. 1342ರಲ್ಲಿ ತೀರಿಕೊಂಡನು. ಪಾಮಿಯೆಯ ವಿಚಾರಣೆಯ ಸಂಪುಟಗಳಲ್ಲಿ ಒಂದು ಅವನೊಡನೆ ಪೋಪರ ಪುಸ್ತಕಭಂಡಾರವನ್ನು ಸೇರಿ, ಕೊನೆಗೆ ರೋಮಿನ ವ್ಯಾಟಿಕನ್ ಪುಸ್ತಕಭಂಡಾರದಲ್ಲಿ ಲ್ಯಾಟಿನ್ ಹಸ್ತಪ್ರತಿ 4030 ಎಂಬ ಸಂಖ್ಯೆಯಿಂದ ನಿಂತಿತು. 1965ರಲ್ಲಿ ಜಾನ್ ದ್ಯುವೆರ್ನ್ವಾ ಎಂಬ ಪಂಡಿತರು ಇಡೀ ಗ್ರಂಥವನ್ನು ಮೂರು ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಅದನ್ನು ಆಧಾರಮಾಡಿಕೊಂಡು ಎಮ್ಮಾನ್ಯುಯೆಲ್ ಲ ರುವಾ ಲಾದ್ಯೂರಿ ಎಂಬ ಇತಿಹಾಸಜ್ಞರು 1975ರಲ್ಲಿ ‘ಮೊಂತಾಯೂ’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಹಳ್ಳಿಯ ಜನ ಹೇಗೆ ಬಿಸಿಲಿನಲ್ಲಿ ಕುಳಿತು ಒಬ್ಬರ ತಲೆಯಲ್ಲಿ ಒಬ್ಬರು ಹೇನು ಹೆಕ್ಕುತ್ತ ಧರ್ಮಚರ್ಚೆ ಮಾಡುತ್ತಿದ್ದರೆಂಬುದರಿಂದ ಹಿಡಿದು, ಕಾಲವನ್ನು ಹೇಗೆ ಅಳೆಯುತ್ತಿದ್ದರು, ಸತ್ತವರನ್ನು ಹೇಗೆ ನೆನೆಯುತ್ತಿದ್ದರೆಂಬುದರವರೆಗೆ ಎಲ್ಲವೂ ಅದರಲ್ಲಿ ಸೇರಿತ್ತು. ವಿದ್ವಾಂಸರಿಗಾಗಿ ಬರೆದ ಪುಸ್ತಕ ಜನರ ಕೈಗೆ ಹೋಗಿ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದುವು. 1978ರಲ್ಲಿ ಇಂಗ್ಲಿಷಿಗೂ ಬಂದಿತು. 2023ರಲ್ಲಿ ಲಾದ್ಯೂರಿಯವರು ತೀರಿಕೊಂಡಾಗ ಮೊದಲು ನೆನೆದದ್ದು ಈ ಪುಸ್ತಕವನ್ನೇ.

ಆದರೆ ಎಲ್ಲರೂ ಒಪ್ಪಿ ಸುಮ್ಮನಾಗಲಿಲ್ಲ. ಲೆನಾರ್ಡ್ ಬಾಯ್ಲ್ ಎಂಬ ಹಸ್ತಪ್ರತಿಗಳ ಪಂಡಿತರು 1981ರಲ್ಲಿಯೂ, ರೆನಾಟೋ ರೊಸಾಲ್ಡೋ ಎಂಬ ಮಾನವಶಾಸ್ತ್ರಜ್ಞರು 1986ರಲ್ಲಿಯೂ ಆಕ್ಷೇಪವೆತ್ತಿದರು. ಅವರ ಆಕ್ಷೇಪದ ಸಾರವೇನೆಂದರೆ, ನ್ಯಾಯಸ್ಥಾನದಲ್ಲಿ ನಿಂತವನ ಹೇಳಿಕೆಯನ್ನು ಜಗಲಿಯ ಮೇಲಣ ಹರಟೆಯಂತೆ ಓದಬಾರದು; ಕೇಳಿದವನು ಯಾರು, ಏಕೆ ಕೇಳಿದನು ಎಂಬುದನ್ನು ಮರೆಯಬಾರದು ಎಂಬುದು.

ನಮಗೆ ತೋರುವಂತೆ ಮೊಂತಾಯೂವಿನ ಚರಿತ್ರೆಯಲ್ಲಿ ನಾವು ಕಲಿಯತಕ್ಕ ಪಾಠವೆಲ್ಲ ಇಲ್ಲಿಯೇ ಇದೆ. 1308ಕ್ಕಿಂತ ಮೊದಲು ಯಾವ ಮನೆಯಲ್ಲಿ ಯಾರು ರೊಟ್ಟಿ ಮುರಿದರು, ಯಾರು ಮೀನು ತಂದುಕೊಟ್ಟರು, ಒಲೆಯ ಯಾವ ಮಗ್ಗುಲಲ್ಲಿ ಅತಿಥಿ ಕುಳಿತನು ಎಂಬುದೆಲ್ಲ ನಮಗೆ ಏತಕ್ಕೆ ತಿಳಿದಿದೆ? ಆ ಹಳ್ಳಿಗರ ಅಡಿಗೆಯಲ್ಲಿ ಬಿಷಪ್ಪನಿಗೆ ಆಸಕ್ತಿಯಿತ್ತೆಂದಲ್ಲ. ಸಜ್ಜನನೊಡನೆ ರೊಟ್ಟಿ ತಿಂದುದು ಅಪರಾಧಕ್ಕೆ ಸಾಕ್ಷ್ಯ. ಅವನಿಗೆ ಮೀನು ಕೊಟ್ಟುದು ಸಾಕ್ಷ್ಯ. ಅವನಿಗೆ ಬಾಗಿಲು ತೆರೆದುದೂ ಸಾಕ್ಷ್ಯ. ಇಂದು ನಾವು ಆನಂದದಿಂದ ಓದುವ ಪ್ರತಿಯೊಂದು ಚಿಕ್ಕ ಸಂಗತಿಯೂ ಅಂದು ಒಬ್ಬನ ಮೇಲೆ ಹೊರಿಸಿದ ಆಪಾದನೆಯ ಒಂದು ಅಂಶ. ನಾವು ಗುರುತಿಸಿ ಮೆಚ್ಚುವ ಪ್ರತಿಯೊಂದು ಹೆಸರೂ, ಆಗ ಉಚ್ಚರಿಸಲ್ಪಟ್ಟೊಡನೆ, ಇನ್ನೊಂದು ಮನೆಯ ಬಾಗಿಲಿಗೆ ಹೊರಟ ಕರೆ. ಸಾಕ್ಷಿಯ ಕಟ್ಟೆಯಲ್ಲಿ ನಿಂತ ತಾಯಿ ಮಗುವಿಗೆ ಹಾಲು ಕೊಟ್ಟೆನೆಂದಾಗ ಅವಳ ಗಂಡನ ಮತವನ್ನೂ ಹೇಳಿದಂತಾಯಿತು.

ಹಾಗಾದರೆ ಈ ದಾಖಲೆ ಸುಳ್ಳೆ? ಅಲ್ಲ. ಹೆದರಿಕೆಯಿಂದ ಆಡಿದ ಮಾತಿನಲ್ಲಿಯೂ ಜೀವನದ ಸತ್ಯ ತಾನಾಗಿ ಹೊರಬೀಳುತ್ತದೆ. ಮೊಮ್ಮಕ್ಕಳ ಹೊಕ್ಕುಳಬಳ್ಳಿಯ ಮಾತನ್ನು ಯಾವ ಅಧಿಕಾರಿಯೂ ಕಲ್ಪಿಸಲಾರನು. ಹಾಗೆಂದು ಅದನ್ನು ಮುಕ್ತವಾದ ಮಾತೆಂದೂ ತಿಳಿಯಲಾಗದು. ಈ ಜನರನ್ನು ತಿಳಿಯಬೇಕೆಂದರೆ ಅವರನ್ನು ಹಾಳುಮಾಡಿದವನ ಕೈಬರೆಹವನ್ನೇ ಓದಬೇಕಾಗಿದೆ. ಅವನಷ್ಟು ತಾಳ್ಮೆಯಿಂದ ಈ ಹಳ್ಳಿಗರ ಮಾತನ್ನು ಬೇರೆ ಯಾರೂ ಕೇಳಲಿಲ್ಲವೆಂಬುದು ನಿಜ. ಅವನಷ್ಟು ಕೇಡನ್ನು ಬಯಸಿ ಕೇಳಿದವರೂ ವಿರಳ. ತಾಳ್ಮೆಯನ್ನೂ ಜ್ಞಾನವನ್ನೂ ನಾವು ಸಾಮಾನ್ಯವಾಗಿ ಸದ್ಗುಣಗಳ ಪಟ್ಟಿಯಲ್ಲಿ ಸೇರಿಸುತ್ತೇವೆ. ಅವು ಯಾವ ಕೆಲಸಕ್ಕೆ ಮುಡಿಪಾಗಿವೆ ಎಂಬುದನ್ನು ನೋಡದೆ ಹಾಗೆ ಸೇರಿಸಬಾರದೆಂಬುದಕ್ಕೆ ಫೂರ್ನಿಯೆಯ ಪುಸ್ತಕ ಸಾಕ್ಷಿ.

ಓದುಬರೆಹದ ಜನ ಓದುಬರೆಹವಿಲ್ಲದವರ ವಿಚಾರವಾಗಿ ಬರೆಯುವಾಗಲೆಲ್ಲ ಈ ಪ್ರಶ್ನೆ ಏಳತಕ್ಕುದೇ. ಖಾನೇಷುಮಾರಿಯವನು ಬರೆದುಕೊಳ್ಳುತ್ತಾನೆ, ಕಂದಾಯದವನು ಬರೆದುಕೊಳ್ಳುತ್ತಾನೆ, ಪೋಲೀಸಿನವನು ಬರೆದುಕೊಳ್ಳುತ್ತಾನೆ, ಜನಪದ ಕಥೆಗಳನ್ನು ಸಂಗ್ರಹಿಸುವ ವಿದ್ವಾಂಸನೂ ಬರೆದುಕೊಳ್ಳುತ್ತಾನೆ. ಹೇಳುವವನ ಎದುರಿಗೆ ಪುಸ್ತಕ ತೆರೆದು ಕುಳಿತವನು ಯಾರು, ಹೇಳಿದ್ದರಿಂದ ಹೇಳಿದವನಿಗೆ ಏನಾಯಿತು ಎಂಬುದನ್ನು ಕೇಳಿಕೊಳ್ಳದೆ ನಾವು ಆ ಪುಟಗಳನ್ನು ಮಗುಚಿದರೆ, ಫೂರ್ನಿಯೆಯ ಪಕ್ಕದಲ್ಲಿ ಒಂದು ಪೀಠ ಹಾಕಿಕೊಂಡು ಕುಳಿತಂತಾಗುವುದು. ಕೇಳಿಕೊಂಡು ಓದಿದರೆ ಮಾತ್ರ ಆ ಹಳ್ಳಿಗರ ಕಡೆಗೆ ಒಂದು ಹೆಜ್ಜೆ ಇಟ್ಟಂತೆ.

ಮೊಂತಾಯೂ ಈಗಲೂ ಇದೆ. ಹದಿನಾಲ್ಕನೆಯ ಶತಮಾನದ ನಡುವೆ ಯೂರೋಪಿನ ಮೇಲೆ ಹಾಯ್ದ ಮಹಾಮಾರಿಯ ತರುವಾಯವೂ, ಆಮೇಲಿನ ಯುದ್ಧಗಳ ತರುವಾಯವೂ ಊರು ಅಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದೀಚೆಗೆ ಆರಿಯೇಜ್ ಬೆಟ್ಟಗಳ ಜನ ಕೆಲಸವನ್ನು ಹುಡುಕಿಕೊಂಡು ಪಟ್ಟಣಗಳಿಗೆ ಇಳಿದುಹೋಗತೊಡಗಿದರು. ಸೈನ್ಯವೂ ವಿಚಾರಣೆಯೂ ಮಾಡಲಾರದೆ ಹೋದುದನ್ನು ಸಂಬಳ ಮಾಡಿತು. ಈಗ ಅಲ್ಲಿ ನೆಲಸಿರುವವರು ಕೆಲವೇ ಮಂದಿ. ಆದರೂ ಕ್ಲೆರ್ಗ್ ಎಂಬ ಮನೆತನದ ಹೆಸರು ಇಪ್ಪತ್ತನೆಯ ಶತಮಾನದಲ್ಲಿಯೂ ಆ ಊರಿನಲ್ಲಿ ಬಾಳಿತ್ತು. ದಿಣ್ಣೆಯ ಮೇಲೆ ಕೋಟೆಯ ಮುರುಕುಗೋಡೆ ನಿಂತಿದೆ. ಪುಸ್ತಕ ಓದಿದವರು ದೂರದಿಂದ ಬಂದು ನೋಡಿಕೊಂಡು ಹೋಗುತ್ತಾರೆ. ಕೆಳಗೆ ಹಳ್ಳಿ, ಸುತ್ತ ಹುಲ್ಲುಗಾವಲು, ಅದರಾಚೆ ಪಿಯೆರ್ ಮೋರಿ ಕುರಿಗಳನ್ನು ಹೊಡೆದುಕೊಂಡು ದಾಟುತ್ತಿದ್ದ ಕಣಿವೆಗಳು. ಆ ದಾರಿಗಳಲ್ಲಿ ಅವನು ಗೆಳೆಯರೊಡನೆ ಆಡಿದ ಮಾತುಗಳಲ್ಲಿ ಬಹುಪಾಲನ್ನು ಯಾರೂ ಬರೆದುಕೊಳ್ಳಲಿಲ್ಲ. ಅವು ಅವನವಾಗಿಯೇ ಉಳಿದುವು.